ಸೌದೆ ಕೋಲು ಹಿಡಿದು 1834 ಪಾಠ ಮಾಡಿದ್ದು

ನಾನು ಕೊಡಗಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಬ್ರಿಟನ್ನಿನ ಒಂದೇ ಒಂದು ವರ್ಷ ಹಿಡಿದು ಒಂಬತ್ತನೇ ಕ್ಲಾಸಿಗೆ ಪಾಠ ಮಾಡೋಣ ಅನ್ನಿಸಿತು. 1834 ಆರಿಸಿಕೊಂಡೆ. ಆ ವರ್ಷದ ಏಪ್ರಿಲ್‌ನಲ್ಲೇ ಮಡಿಕೇರಿ ಕೋಟೆ ಕಂಪನಿ ಸೈನ್ಯದ ಕೈಸೇರಿದ್ದು. ನಮ್ಮನ್ನು ಹಿಡಿದುಕೊಂಡವರ ಮನೆಯಲ್ಲಿ ಆಗ ಏನು ನಡೀತಿತ್ತು, ನೋಡೋಣ ಅಂತ.

ಮೊದಲ ದಿನ ಸೋತೆ. ದೊಡ್ಡ ಚಾರ್ಟ್ ಮೇಲೆ ತಾರೀಖು ಬರೆದು ತಗುಲಿಸಿದೆ. ಗ್ರೇ ಹೋದ, ಮೆಲ್ಬರ್ನ್ ಬಂದ, ದೊರೆ ನಾಲ್ಕನೇ ವಿಲಿಯಂ ಅವನನ್ನೂ ಕಳಿಸಿದ, ವೆಲಿಂಗ್ಟನ್ ಕೆಲವು ವಾರ ನೋಡಿಕೊಂಡ, ಆಮೇಲೆ ಪೀಲ್. ಒಂದೇ ವರ್ಷ ನಾಲ್ಕು ಪ್ರಧಾನಿ! ನನಗೆ ಮಜಾ ಅನ್ನಿಸಿತ್ತು. ಮಕ್ಕಳು ಆಕಳಿಸಿದರು. "ಸಾರ್, ಇದು ಪರೀಕ್ಷೆಗೆ ಬರುತ್ತಾ?"

ಮಾರನೇ ದಿನ ಚಾರ್ಟ್ ಬಿಚ್ಚಿಟ್ಟು, ಕಾಫಿ ಗಿಡ ಸವರಿದಾಗ ಬಿದ್ದ ಹಸಿ ಕೋಲುಗಳನ್ನೂ ಒಂದು ಚಾಕುವನ್ನೂ ತಂದೆ. ಇಂಗ್ಲೆಂಡಿನ ಖಜಾನೆಯವರು ನೂರಾರು ವರ್ಷ ಹೀಗೇ ಲೆಕ್ಕ ಇಟ್ಟಿದ್ದರು. ಕೋಲಿಗೆ ಕಚ್ಚು ಹಾಕೋದು: ಅಂಗೈ ಅಗಲ ಅಂದ್ರೆ ಸಾವಿರ ಪೌಂಡ್, ಹೆಬ್ಬೆರಳಗಲ ನೂರು, ಕಿರುಬೆರಳಗಲ ಇಪ್ಪತ್ತು. ಆಮೇಲೆ ಕಚ್ಚುಗಳ ನಡುವೆಯೇ ಉದ್ದಕ್ಕೆ ಸೀಳಿ, ಹಣ ಕೊಟ್ಟವನಿಗೊಂದು ಹೋಳು, ಪಡೆದವನಿಗೊಂದು ಹೋಳು; ಜೋಡಿಸಿದರೆ ಕಚ್ಚು ಕೂಡಿ ಬರಬೇಕು. ನನ್ನ ಮೊದಲ ಎರಡು ಕೋಲು ಮುರಿದೇ ಹೋದವು, ಕಚ್ಚು ಜಾಸ್ತಿ ಆಳವಾಗಿತ್ತು. ಮೂರನೆಯದು ಸರಿಯಾಗಿ ಸೀಳಿತು. ಹಿಂದಿನ ಬೆಂಚಿನವರೂ ಎದ್ದು ಬಂದರು.

1826ರಲ್ಲಿ ಈ ಪದ್ಧತಿ ನಿಂತಿತು. ಹಳೇ ಕೋಲುಗಳು ಗುಡ್ಡೆಯಾಗಿ ಬಿದ್ದಿದ್ದವು. 1834ರ ಅಕ್ಟೋಬರ್ 16ರಂದು ಎರಡು ಗಾಡಿ ತುಂಬ ಕೋಲುಗಳನ್ನು ಪಾರ್ಲಿಮೆಂಟಿನ ಲಾರ್ಡ್ಸ್ ಸಭೆಯ ಕೆಳಗಿನ ಒಲೆಗಳಿಗೆ ತುಂಬಿದರು. ಸಂಜೆ ನಾಲ್ಕರ ಹೊತ್ತಿಗೆ ಕಟ್ಟಡ ನೋಡಲು ಬಂದವರಿಗೆ ಬೂಟಿನೊಳಗೂ ನೆಲದ ಬಿಸಿ ತಟ್ಟಿತು. ಆದರೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕತ್ತಲಾಗುವಷ್ಟರಲ್ಲಿ ಪಾರ್ಲಿಮೆಂಟ್ ಧಗಧಗ ಉರಿಯುತ್ತಿತ್ತು. ವೆಸ್ಟ್‌ಮಿನ್‌ಸ್ಟರ್ ಹಾಲ್ ಉಳಿದದ್ದೇ ಪುಣ್ಯ.

"ಬಡವರಿಗೆ ಸೌದೆಗೆ ಕೊಡಬಹುದಿತ್ತಲ್ಲ ಸಾರ್?" ಅಂದಳು ಒಬ್ಬ ಹುಡುಗಿ. ನನಗೆ ರೋಮಾಂಚನ. 1855ರ ಒಂದು ಭಾಷಣದಲ್ಲಿ ಕಾದಂಬರಿಕಾರ ಡಿಕನ್ಸ್ ಕೇಳಿದ್ದೂ ಇದನ್ನೇ. ಅಲ್ಲಿಂದ ಪಾಠ ತಾನೇ ಓಡಿತು. ಆ ಬಡವರು ಯಾರು? ಡಾರ್ಸೆಟ್‌ನ ಟಾಲ್‌ಪಡಲ್ ಹಳ್ಳಿಯ ಕೂಲಿಗಳು. ವಾರಕ್ಕೆ 7 ಶಿಲ್ಲಿಂಗ್‌ಗೆ ಇಳಿದಿದ್ದ ಕೂಲಿಯನ್ನು 6ಕ್ಕೆ ಇಳಿಸುವ ಮಾತು ಬಂದಾಗ ಸಂಘ ಕಟ್ಟಿದರು. ಗುಟ್ಟಾಗಿ ಪ್ರಮಾಣ ಮಾಡಿದ್ದೇ ಅಪರಾಧವಾಗಿ, ಮಾರ್ಚ್‌ನಲ್ಲಿ ಆರು ಜನಕ್ಕೆ ಏಳು ವರ್ಷ ಗಡೀಪಾರು. ಆಗಸ್ಟ್‌ನಲ್ಲಿ ಬಡವರ ಕಾನೂನು ಬದಲಾಯಿತು. ಸಹಾಯ ಬೇಕಾದವರು ವರ್ಕ್‌ಹೌಸ್, ಅಂದ್ರೆ ಬಡವರನ್ನು ಇರಿಸಿಕೊಂಡು ದುಡಿಸುವ ಮನೆ, ಸೇರಬೇಕು, ಅಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ.

ಒಂದು ತಪ್ಪನ್ನೂ ಮಾಡಿದೆ. ಅದೇ ವರ್ಷದ ಆಗಸ್ಟ್ 1ಕ್ಕೆ ಬ್ರಿಟಿಷ್ ವಸಾಹತುಗಳ ಗುಲಾಮರೆಲ್ಲ ಬಿಡುಗಡೆಯಾದರು ಅಂದುಬಿಟ್ಟೆ. ಮನೆಗೆ ಹೋಗಿ ಓದಿದರೆ, ಆರು ವರ್ಷ ದಾಟಿದವರನ್ನು 'ಅಪ್ರೆಂಟಿಸ್' ಅಂತ ಹೆಸರು ಬದಲಿಸಿ ದುಡಿಸಿದ್ದರು, 1838ರವರೆಗೂ. ಪರಿಹಾರದ 2 ಕೋಟಿ ಪೌಂಡ್ ಮಾತ್ರ ಯಜಮಾನರಿಗೆ! ಮರುದಿನ ಬೋರ್ಡ್ ಮೇಲೆ ತಿದ್ದಿದೆ.

ಕೋಲಿನ ಹೋಳುಗಳನ್ನು ಜೋಡಿ ಜೋಡಿ ಮಕ್ಕಳಿಗೆ ಕೊಟ್ಟಿದ್ದೆ. ವಾರ ಬಿಟ್ಟು ಜೋಡಿಸಿ ನೋಡಿದರೆ ಒಂದು ಜೋಡಿ ಮಾತ್ರ ಕೂಡಿ ಬರಲಿಲ್ಲ. ಒಬ್ಬ ತನ್ನ ಹೋಳಿಗೆ ಸುಮ್ನೆ ಇನ್ನೊಂದು ಹೆಬ್ಬೆರಳಗಲದ ಕಚ್ಚು ಹಾಕಿಕೊಂಡಿದ್ದ. ನೂರು ಪೌಂಡ್ ಜಾಸ್ತಿ ಬರಲಿ ಅಂತ!