ಹಾಫಿಜ್‌ನ ಶರಾಬು ಮತ್ತು ಸೂಫಿ ಅರ್ಥ: ನಾನು ಓದ್ಕೊಂಡು ಬಂದ ರೀತಿ

ಹಾಫಿಜ್ ಅಂದ್ರೆ 14ನೇ ಶತಮಾನದ ಇರಾನಿನ ಶೀರಾಜ್ ಊರಿನ ಪರ್ಷಿಯನ್ ಗಜಲ್ ಕವಿ. ಅವನನ್ನ ಓದ್ತೀನಿ ಅಂತ ಯಾರಿಗಾದ್ರೂ ಹೇಳಿದ್ರೆ ಬರೋ ಪ್ರಶ್ನೆ ಒಂದೇ, ಅವನು ಹೇಳೋ ಶರಾಬು ನಿಜವಾದ ಶರಾಬಾ ಇಲ್ಲ ದೇವರ ಪ್ರೇಮಾನಾ ಅಂತ. ಸೂಫಿ ಕಡೆಯವ್ರು ಎರಡನೇದು ಅಂತಾರೆ, ಯೂನಿವರ್ಸಿಟಿ ಕಡೆ ತುಂಬಾ ಜನ ಮೊದಲನೇದು ಅಂತಾರೆ. ವರ್ಷಗಟ್ಟಲೆ ಓದಿದ ಮೇಲೆ ನನಗನ್ಸೋದು, ಈ ಪ್ರಶ್ನೆನ ಇಡೀ ಕವಿಗೆ ಒಟ್ಟಿಗೆ ಕೇಳಬಾರ್ದು, ಒಂದೊಂದು ಬೈತ್‌ಗೂ (ಬೈತ್ ಅಂದ್ರೆ ಎರಡು ಸಾಲಿನ ದ್ವಿಪದಿ) ಬೇರೆ ಬೇರೆಯಾಗಿ ಕೇಳ್ಬೇಕು, ಕೇಳೋಕೆ ಮುಂಚೆ ಶರಾಬನ್ನ ಶರಾಬಾಗೇ ಒಂದ್ಸಲ ಕುಡಿದಿರ್ಬೇಕು (ಓದಿನಲ್ಲಿ ಮಾತ್ರ, ಮನೆಯವ್ರು ಇದನ್ನ ನೋಡ್ತಾರೆ ಅಂತ ಸ್ಪಷ್ಟವಾಗಿ ಹೇಳ್ತಿದೀನಿ).

ನಾನು ಕೆಲಸಕ್ಕೆ ಅಂತ ಕಲಬುರಗಿಗೆ ಹೋಗಿದ್ದೋನು. ಅಲ್ಲಿ ಉರ್ದು ಲಿಪಿ ಕಲಿತೆ, ಆಮೇಲೆ ರಿಟೈರ್ ಆಗಿದ್ದ ಒಬ್ಬ ಮೇಷ್ಟ್ರು ಸಂಜೆ ಹೊತ್ತು ಸಾದಿ ಕವಿಯ ಗುಲಿಸ್ತಾನ್ ಹಿಡಿದು ಪರ್ಷಿಯನ್ ಹೇಳಿಕೊಟ್ರು, ಹಳೇ ಮದರಸಾ ಕ್ರಮದಲ್ಲೇ. ಕನ್ನಡದವ್ರಿಗೆ ಪರ್ಷಿಯನ್ ಹೆದರೋ ಭಾಷೆ ಏನಲ್ಲ, ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರತ್ತೆ, ಲಿಂಗದ ಗೋಜೇ ಇಲ್ಲ. ಈ ಲಿಂಗ ಇಲ್ಲದಿರೋದು ಬರೀ ಗ್ರಾಮರ್ ವಿಷಯ ಅಲ್ಲ. ಗಜಲ್‌ನ ಪ್ರಿಯ ಅವನಾ, ಅವಳಾ, ದೇವ್ರಾ, ಗುರುವಾ, ಪೋಷಕ ಸುಲ್ತಾನನಾ, ಮೂಲದಲ್ಲಿ ಎಲ್ಲಾ ಒಂದೇ ಪದದಲ್ಲಿ ಇರತ್ತೆ. ಇಂಗ್ಲಿಷ್ ಅನುವಾದದಲ್ಲಿ ಯಾವುದೋ ಒಂದನ್ನ ಆರಿಸ್ಲೇಬೇಕು, ಆರಿಸಿದ ಕೂಡ್ಲೇ ಅರ್ಧ ಗಜಲ್ ಕೈ ಬಿಟ್ಟೋಯ್ತು.

ಶುರು ರೂಮಿಯಿಂದ ಮಾಡಿದೆ, ಅದು ಒಳ್ಳೇದೇ ಆಯ್ತು. 1273ರಲ್ಲಿ ಕೊನ್ಯಾದಲ್ಲಿ ತೀರಿಕೊಂಡ ಈ ಸೂಫಿ ಕವಿ ಮಸ್ನವಿ ಅನ್ನೋ ತನ್ನ ಉದ್ದದ ಕಾವ್ಯದಲ್ಲಿ ಕಥೆ ಹೇಳ್ತಾನೆ, ಹೇಳ್ತಾ ಹೇಳ್ತಾ ನಡುವೆ ನಿಲ್ಲಿಸಿ ಅದರ ಅರ್ಥಾನೂ ತಾನೇ ಹೇಳ್ತಾನೆ. ಹಿಂದುಸ್ತಾನಕ್ಕೆ ಹೊರಟ ವ್ಯಾಪಾರಿಯ ಹತ್ರ ಪಂಜರದ ಗಿಳಿ ಅಲ್ಲಿನ ಗಿಳಿಗಳಿಗೆ ಸಲಾಂ ಹೇಳಿಕಳಿಸತ್ತೆ, ಅದನ್ನ ಕೇಳಿ ಅಲ್ಲೊಂದು ಗಿಳಿ ಸತ್ತು ಬೀಳತ್ತೆ, ವ್ಯಾಪಾರಿ ಬಂದು ಸುದ್ದಿ ಹೇಳಿದ್ರೆ ಇದೂ ಸತ್ತು ಬೀಳತ್ತೆ, ಹೊರಗೆ ಎಸೆದ ತಕ್ಷಣ ಹಾರಿ ಕೊಂಬೆ ಮೇಲೆ ಕೂರತ್ತೆ. ಸಾಯೋಕೆ ಮುಂಚೆ ಸಾಯಿ ಅನ್ನೋ ಸೂಫಿ ಮಾತನ್ನ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ ಅನ್ಸತ್ತೆ. (ಇನ್‌ಸ್ಟಾಗ್ರಾಮಲ್ಲಿ ಸೂರ್ಯಾಸ್ತದ ಫೋಟೋ ಮೇಲೆ ಬರೋ ರೂಮಿ ಬೇರೆ, ಅವನ ವಿಷಯ ಇಲ್ಲಿ ಬೇಡ.) ಆದ್ರೆ ಹಾಫಿಜ್ ಹಾಗೆ ಬಿಡಿಸಿ ಹೇಳೋದಿಲ್ಲ. ಎರಡು ಸಾಲು ಎಸೆದು ಹೊರಟೋಗ್ತಾನೆ.

ಅಲ್ಲಿ ಕೈ ಹಿಡಿಯೋಕೆ ಅಂತ ಜನ ಮೊದಲು ಕೊಡೋದು ಶಬಿಸ್ತರಿಯ ಗುಲ್ಶನ್-ಎ-ರಾಜ್. 1317ರಲ್ಲಿ ಬರೆದದ್ದು, ಹೆರಾತ್ ಕಡೆಯಿಂದ ಅಮೀರ್ ಹುಸೈನಿ ಅನ್ನೋ ಸೂಫಿ ಪದ್ಯದಲ್ಲೇ ಕೆಲವು ಪ್ರಶ್ನೆ ಕಳಿಸಿದ್ದ, ಅದಕ್ಕೆ ತಬ್ರೀಜ್ ಕಡೆಯ ಶಬಿಸ್ತರಿ ಸುಮಾರು ಸಾವಿರ ಬೈತ್‌ನಲ್ಲಿ ಉತ್ತರ ಕೊಟ್ಟ. ಕಣ್ಣು, ತುಟಿ, ಮುಂಗುರುಳು, ಮಚ್ಚೆ ಅಂದ್ರೇನು, ಶರಾಬು ದೀಪ ಅಂದ್ರೇನು, ವಿಗ್ರಹ ಜನಿವಾರ ಅಂದ್ರೇನು ಅಂತ ಹುಸೈನಿ ನೇರವಾಗೇ ಕೇಳಿದಾನೆ. ಉತ್ತರ ಚುಟುಕಾಗಿ ಹೇಳ್ಬೇಕಂದ್ರೆ, ಮುಂಗುರುಳು ಅಂದ್ರೆ ಸತ್ಯದ ಮುಖ ಮುಚ್ಚೋ ಬಹುತ್ವ, ಮಚ್ಚೆ ಅಂದ್ರೆ ಏಕತ್ವದ ಬಿಂದು, ಕಣ್ಣು ಕೊಲ್ಲತ್ತೆ, ತುಟಿ ಜೀವ ಕೊಡತ್ತೆ. ನಾನು ಇದನ್ನೆಲ್ಲಾ ಒಂದು ನೋಟ್‌ಬುಕ್ಕಲ್ಲಿ ಪಟ್ಟಿ ಮಾಡ್ಕೊಂಡು ಹಾಫಿಜ್ ಪಕ್ಕ ಇಟ್ಕೊಂಡು ಕೂತೆ. ನಮ್ಮ ಅಲ್ಲಮನ ಬೆಡಗಿನ ವಚನಗಳಿಗೆ ಟೀಕು ಬರೆದೋರು ಕಪ್ಪೆ ಅಂದ್ರೆ ಇದು, ಸರ್ಪ ಅಂದ್ರೆ ಇದು ಅಂತ ಬಿಡಿಸ್ತಾರಲ್ಲ, ಹೆಚ್ಚುಕಮ್ಮಿ ಅದೇ ಕೆಲಸ.

ಪಟ್ಟಿ ಕೆಲಸ ಮಾಡತ್ತೆ, ಅದೇ ಅದರ ಸಮಸ್ಯೆ. ಎಲ್ಲಾದಕ್ಕೂ ಕೆಲಸ ಮಾಡತ್ತೆ. ಆ ಫೇಮಸ್ ಬೈತ್ ಇದೆಯಲ್ಲ, ಶೀರಾಜಿನ ಆ ತುರ್ಕ ನಮ್ಮ ಹೃದಯಾನ ಕೈಗೆತ್ತಿಕೊಂಡ್ರೆ ಅವನ ಕಪ್ಪು ಮಚ್ಚೆಗೆ ಸಮರ್ಕಂದ್ ಬುಖಾರಾ ಎರಡನ್ನೂ ಕೊಟ್ಟುಬಿಡ್ತೀನಿ ಅಂತ. ಪಟ್ಟಿ ಹಾಕಿದ್ರೆ ಮಚ್ಚೆ ಏಕತ್ವ, ಎರಡು ಊರು ಅಂದ್ರೆ ಇಹ ಪರ, ಏಕತ್ವಕ್ಕಾಗಿ ಎರಡೂ ಲೋಕ ಬಿಟ್ಟ, ಮುಗೀತು. ಸರಿಯಾಗೇ ಇದೆ. ಆದ್ರೆ ತನ್ನದಲ್ಲದ ಎರಡು ಶ್ರೀಮಂತ ಊರುಗಳನ್ನ ಕಿಸೆಯಲ್ಲಿ ಕಾಸಿಲ್ಲದ ಕವಿ ದಾನ ಮಾಡ್ತಿದಾನೆ ಅನ್ನೋ ತಮಾಷೆ, ಆ ಧಿಮಾಕು, ಅದು ಎಲ್ಲೋಯ್ತು? ಧಿಮಾಕು ಇಲ್ದೆ ಆ ತ್ಯಾಗಕ್ಕೆ ರುಚಿ ಎಲ್ಲಿಂದ ಬರತ್ತೆ? ಹಾಗಾಗಿ ನೋಟ್‌ಬುಕ್ ಮುಚ್ಚಿಟ್ಟು ಬೇರೆ ದಾರಿ ಹಿಡಿದೆ. ಬೈತ್ ಒಳಗೇ ಕವಿ ಸೂಫಿ ದಾರಿಯ ಪದ ಏನಾದ್ರೂ ಇಟ್ಟಿದಾನಾ ಅಂತ ಮೊದಲು ನೋಡೋದು, ಇಟ್ಟಿದ್ರೆ ಅದನ್ನ ಹಿಡ್ಕೊಂಡು ಒಳಗೆ ಹೋಗೋದು, ಇಲ್ದಿದ್ರೆ ಹೊರಗೇ ಕೂತು ಆನಂದ ಪಡೋದು.

ದಿವಾನ್‌ನ (ಅವನ ಗಜಲ್‌ಗಳ ಸಂಗ್ರಹದ) ಮೊದಲನೇ ಗಜಲ್ ಇದಕ್ಕೆ ಒಳ್ಳೇ ಉದಾಹರಣೆ. "ಬ ಮೈ ಸಜ್ಜಾದಾ ರಂಗೀನ್ ಕುನ್ ಗರತ್ ಪೀರ್-ಎ-ಮುಗಾಂ ಗೋಯದ್", ನಮಾಜಿನ ಜಮಖಾನೆಯನ್ನ ಶರಾಬಲ್ಲಿ ಅದ್ದು, ಮುಗರ ಹಿರಿಯ ಹಾಗೆ ಹೇಳಿದ್ರೆ. ಮುಗರು ಅಂದ್ರೆ ಅಗ್ನಿ ಪೂಜಕರು, ಮುಸ್ಲಿಂ ಊರುಗಳಲ್ಲಿ ಶರಾಬು ಸಿಗ್ತಿದ್ದದ್ದು ಅವರ ಹತ್ರ, ಕ್ರೈಸ್ತರ ಹತ್ರ. ಇಲ್ಲಿಗೆ ನಿಂತ್ರೆ ಬರೀ ಪೋಲಿತನ. ಆದ್ರೆ ಎರಡನೇ ಸಾಲಲ್ಲಿ ಸಾಲಿಕ್ ಬರ್ತಾನೆ, ಮಂಜಿಲ್ ಬರತ್ತೆ, ದಾರಿ ನಡೆಯೋನಿಗೆ ಮಜಲುಗಳ ರೀತಿ ರಿವಾಜು ಗೊತ್ತಿರತ್ತೆ ಅಂತ. ಇವು ಸೂಫಿಗಳು ದಿನಾ ಬಳಸೋ ಮಾತುಗಳು. ಕೊನೇ ಬೈತ್‌ನಲ್ಲಿ ಹುಜೂರಿ (ಪ್ರಿಯನ ಸನ್ನಿಧಿ) ಬೇಕಾದ್ರೆ ಅವನಿಂದ ಗಾಯಬ್ (ಮರೆ) ಆಗಬೇಡ ಹಾಫಿಜ್ ಅಂತ ಬರತ್ತೆ, ಅದೂ ಅಷ್ಟೇ. ಅಂದ್ಮೇಲೆ ಇಲ್ಲಿ ಒಳಗೆ ಹೋಗೋಕೆ ಕವಿಯೇ ಬಾಗಿಲು ತೆಗೆದಿದಾನೆ. ಗುರು ಹೇಳಿದ್ರೆ ನಿನ್ನ ಧರ್ಮದ ಬಟ್ಟೇನೂ ಕಲೆ ಮಾಡ್ಕೊ ಅನ್ನೋ ಮಾತು ಶರಾಬು ನಿಜವಾಗಿ ಕೆಂಪಗೆ ಕಲೆ ಮಾಡೋ ಶರಾಬಾಗಿದ್ರೆ ಮಾತ್ರ ಚುಚ್ಚತ್ತೆ, ಬರೀ ಪ್ರೇಮದ ಸಂಕೇತ ಆದ್ರೆ ಅದ್ದೋದ್ರಲ್ಲಿ ಏನು ಕಷ್ಟ?

ಇದಕ್ಕೆ ವಿರುದ್ಧವಾದದ್ದೂ ಇದೆ. ಗಾಳಿ ಹೂ ಚೆಲ್ತಿದೆ, ಶರಾಬು ಖುಷಿ ಕೊಡತ್ತೆ, ಆದ್ರೂ ವಾದ್ಯದ ಸದ್ದಿಗೆ ಕುಡೀಬೇಡ, ಮುಹ್ತಸಿಬ್ (ಜನರ ನಡತೆ ಕಾಯೋ ಅಧಿಕಾರಿ) ಚುರುಕಾಗಿದಾನೆ ಅಂತ ಒಂದು ಗಜಲ್ ಶುರು ಆಗತ್ತೆ. ಮುಬಾರಿಜುದ್ದೀನ್ ಮುಹಮ್ಮದ್ ಅನ್ನೋ ದೊರೆ 1353ರಲ್ಲಿ ಶೀರಾಜ್ ಹಿಡಿದು ಶರಾಬಿನ ಅಂಗಡಿ ಮುಚ್ಚಿಸಿದ, ಅವನನ್ನ ಜನ ಮುಹ್ತಸಿಬ್ ಅಂತಾನೇ ಆಡ್ಕೊಳ್ತಿದ್ರು. ಇದಕ್ಕೆ ಅಧ್ಯಾತ್ಮ ಹಚ್ಚೋರ ಬಗ್ಗೆ ನನಗೆ ತಾಳ್ಮೆ ಇಲ್ಲ. ಇದು ಪೊಲೀಸ್ ಬಂದಾನು ಮೆಲ್ಲಗೆ ಕುಡೀರಪ್ಪ ಅನ್ನೋ ಪದ್ಯ.

ನನಗೆ ಅತಿ ಇಷ್ಟವಾದ ಜಾಗ ಸಮುದ್ರದ್ದು, ಇಲ್ಲಿ ಕಲಬುರಗಿನೂ ಬರತ್ತೆ. ಬಿಜಾಪುರದಲ್ಲಿ ಕೂತು ಇತಿಹಾಸ ಬರೆದ ಫಿರಿಶ್ತಾ ಒಂದು ಕಥೆ ಕೊಡ್ತಾನೆ, ಹಾಫಿಜ್ ತೀರಿ ಇನ್ನೂರು ವರ್ಷ ಆದ್ಮೇಲೆ ಬರೆದದ್ದು ಅನ್ನೋದು ನೆನಪಿರ್ಲಿ. ಕಲಬುರಗಿ ಬಹಮನಿ ರಾಜಧಾನಿ ಆಗಿದ್ದಾಗ ಮಹಮ್ಮದ್ ಶಾ ಬಹಮನಿಯ ದರ್ಬಾರಿಂದ ಮೀರ್ ಫಜಲುಲ್ಲಾ ಇಂಜು ಹಣ ಕಳಿಸಿ ಹಾಫಿಜ್‌ನ ಕರೀತಾನೆ, ಇವನು ಹೊರಟು ಹೊರ್ಮುಜ್ ಬಂದರಿನ ತನಕ ಬಂದು ಹಡಗು ಹತ್ತುತಾನೆ, ಬಿರುಗಾಳಿ ಏಳತ್ತೆ, ಇಳಿದು ವಾಪಸ್ ಹೋಗಿ ಒಂದು ಗಜಲ್ ಕಳಿಸ್ತಾನೆ. ಅದರಲ್ಲಿ ಹೇಳ್ತಾನೆ, ಲಾಭದ ಆಸೆಗೆ ಕಡಲಿನ ಕಷ್ಟ ಮೊದಲು ಸುಲಭ ಅನ್ಸಿತ್ತು, ತಪ್ಪಾಯ್ತು, ನೂರು ಮುತ್ತು ಕೊಟ್ರೂ ಈ ತುಫಾನಿಗೆ ಬೆಲೆ ಸಾಲದು. ಈಗ ಮೊದಲನೇ ಗಜಲ್‌ಗೆ ಬನ್ನಿ. ಅಲ್ಲಿನ ಮೊದಲ ಬೈತ್, ಪ್ರೇಮ ಮೊದಲು ಸುಲಭ ಅನ್ಸಿತ್ತು, ಆಮೇಲೆ ಕಷ್ಟಗಳು ಬಿದ್ವು. ಅದೇ ವಾಕ್ಯದ ಕಟ್ಟು! ಮುಂದೆ ಅಲ್ಲೇ ಕತ್ತಲ ರಾತ್ರಿ, ಅಲೆಯ ಭಯ, ಭಯಂಕರ ಸುಳಿ, ದಡದಲ್ಲಿ ಹಗುರಾಗಿ ನಿಂತೋರಿಗೆ ನಮ್ಮ ಪಾಡೇನು ಗೊತ್ತು ಅಂತ ಬರತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ ದಿನ ನಾನು ಆಫೀಸಿಗೆ ಲೇಟಾದೆ. ಒಂದರಲ್ಲಿ ಲಾಭಕ್ಕೆ ಇಳಿದೋನು ವಾಪಸ್ ದಡ ಹತ್ತುತಾನೆ, ಇನ್ನೊಂದರಲ್ಲಿ ಪ್ರೇಮಕ್ಕೆ ಬಿದ್ದೋನು ಸುಳಿ ಮಧ್ಯದಿಂದಾನೇ ದಡದೋರಿಗೆ ಮಾತಾಡ್ತಾನೆ. ಸೂಫಿಗಳು ಹೇಳೋ ಕೂಲಿಗಾಗಿ ಮಾಡೋ ಭಕ್ತಿಗೂ ಪ್ರೇಮಕ್ಕೂ ಇರೋ ವ್ಯತ್ಯಾಸ ಇಲ್ಲಿ ಯಾವ ಪಟ್ಟಿಯೂ ಇಲ್ದೆ ಕಾಣತ್ತೆ. ಫಿರಿಶ್ತಾನ ಕಥೆ ನಡೆದದ್ದಾ ಕಟ್ಟಿದ್ದಾ ಅನ್ನೋದು ಆಮೇಲಿನ ಮಾತು, ಉಪ್ಪುನೀರಿನ ಹೆದರಿಕೆ ಮಾತ್ರ ಅಸಲಿ.

ವ್ಯಾಖ್ಯಾನಗಳಲ್ಲಿ ಎರಡು ತುದಿ ಇದೆ. 16ನೇ ಶತಮಾನದ ಬೋಸ್ನಿಯಾದ ಸೂದಿ ವ್ಯಾಕರಣ ಹಿಡಿದು ಸಾಲು ಸಾಲು ಬಿಡಿಸ್ತಾನೆ, ಅಧ್ಯಾತ್ಮದ ತಂಟೆಗೆ ಅಷ್ಟಾಗಿ ಹೋಗಲ್ಲ. 17ನೇ ಶತಮಾನದ ಖತ್ಮಿ ಲಾಹೋರಿ ಎಲ್ಲಾದಕ್ಕೂ ಸೂಫಿ ಅರ್ಥ ಕೊಡ್ತಾನೆ. ನಾನು ಮೊದಲು ಸೂದಿ ರೀತಿ ಪದ ಬಿಡಿಸಿ ಆಮೇಲೇ ಲಾಹೋರಿ ಕಡೆ ಕಣ್ಣು ಹಾಯಿಸ್ತೀನಿ. ಗಂಜೂರ್ ವೆಬ್‌ಸೈಟಲ್ಲಿ ಮೂಲ ಸಿಗತ್ತೆ. ಒಂದು ಎಚ್ಚರಿಕೆ, ಬೈತ್‌ಗಳ ಕ್ರಮ ಹಸ್ತಪ್ರತಿಯಿಂದ ಹಸ್ತಪ್ರತಿಗೆ ಬೇರೆ ಇರತ್ತೆ. ಕಜ್ವೀನಿ-ಗನಿ ಆವೃತ್ತಿಯಲ್ಲಿ 495 ಗಜಲ್, ಖಾನ್ಲರಿಯದ್ರಲ್ಲಿ 486. ಹಾಗಿರೋವಾಗ ಮೊದಲ ಬೈತ್ ತಲಬ್ (ಹುಡುಕಾಟ), ಎರಡನೇದು ಇಷ್ಕ್ (ಪ್ರೇಮ), ಮೂರನೇದು ಮಾರಿಫತ್ (ಅರಿವು) ಅಂತ ಸೂಫಿ ಕವಿ ಅತ್ತಾರ್‌ನ ಏಳು ಕಣಿವೆಗಳನ್ನ (ಸಾಧನೆಯ ಏಳು ಹಂತಗಳನ್ನ) ತಂದು ಗಜಲ್ ಮೇಲೆ ಕೂರಿಸೋದು ಬೇಡ.

ಓದಿದಷ್ಟೇ ಕೇಳೋದೂ ಮುಖ್ಯ. ದೆಹಲಿಯ ಸೂಫಿ ಸಂತ ನಿಜಾಮುದ್ದೀನ್ ಔಲಿಯಾ ಸಮಾದಲ್ಲಿ (ಹಾಡು ಕೇಳೋ ಸೂಫಿ ಕೂಟದಲ್ಲಿ) ಪ್ರಿಯನ ವರ್ಣನೆ ಬಂದಾಗೆಲ್ಲಾ ಅದನ್ನ ತನ್ನ ಗುರು ಫರೀದರ ಗುಣಗಳಿಗೆ ಹೊಂದಿಸ್ಕೊಂಡು ಕೇಳ್ತಿದ್ದೆ ಅಂತ ಹೇಳಿದ್ದು ಅವರ ಮಾತುಗಳ ಸಂಗ್ರಹ ಫವಾಯಿದುಲ್ ಫುಆದ್‌ನಲ್ಲಿ ದಾಖಲಾಗಿದೆ. ಅಂದ್ರೆ ಅರ್ಥ ಪೂರ್ತಿ ಕವಿ ಹತ್ರ ಇರಲ್ಲ, ಅರ್ಧ ಕೇಳೋನ ಹತ್ರ ಇರತ್ತೆ. ಕುತುಬುದ್ದೀನ್ ಬಖ್ತಿಯಾರ್ ಕಾಕಿ 1235ರಲ್ಲಿ ಅಹ್ಮದ್-ಎ-ಜಾಮ್‌ನ ಒಂದೇ ಬೈತ್ ಕೇಳ್ತಾ ಕೇಳ್ತಾ ಪ್ರಾಣ ಬಿಟ್ರು ಅಂತ ಚಿಷ್ತಿ ಪಂಥದ ಸೂಫಿಗಳು ಹೇಳ್ತಾರೆ. ಅದೇ ಪರಂಪರೆಯ ಬಂದೇ ನವಾಜ್ ಗೇಸೂದರಾಜ್, ತೈಮೂರ್ ದೆಹಲಿಗೆ ಬರೋ ಹೊತ್ತಿಗೆ 1398ರಲ್ಲಿ ಅಲ್ಲಿಂದ ಹೊರಟು ದಖ್ಖನ್‌ಗೆ ಬಂದು ಕಲಬುರಗಿಯಲ್ಲಿ ನೆಲೆಸಿದ್ರು, 1422ರಲ್ಲಿ ಅಲ್ಲೇ ತೀರಿಕೊಂಡ್ರು. ಕವ್ವಾಲ್ ಒಂದೇ ಸಾಲನ್ನ ತಿರುಗಿಸಿ ತಿರುಗಿಸಿ ಹಾಡ್ತಾನಲ್ಲ, ನಾನು ಅದನ್ನೇ ಓದಿಗೂ ತಂದ್ಕೊಂಡೆ. ರಾತ್ರಿ ಒಂದು ಬೈತ್ ಬಾಯಿಪಾಠ, ಮಾರನೇ ದಿನ ಬಸ್ಸಲ್ಲಿ ಅದೇ, ಹೊಸದು ತೆಗೆಯೋದಿಲ್ಲ. ನಾಲ್ಕನೇ ಐದನೇ ದಿನಕ್ಕೆ ಅದು ಯಾರ ಮುಖಕ್ಕೆ ಹೋಗಿ ಅಂಟ್ಕೊಳ್ಳತ್ತೆ ಅನ್ನೋದು ತಾನೇ ಗೊತ್ತಾಗತ್ತೆ.

ಈಗ ಇರಾಕಿ ಅನ್ನೋ ಸೂಫಿ ಕವಿನ ಹಿಡಿದಿದೀನಿ, ಮುಲ್ತಾನಿನ ಬಹಾವುದ್ದೀನ್ ಜಕರಿಯಾರ ಶಿಷ್ಯ. ಏಕಾಂತದಲ್ಲಿ ಜಪ ಮಾಡೋದು ಬಿಟ್ಟು ಗಜಲ್ ಹಾಡ್ತಾನೆ ಅಂತ ಉಳಿದ ಶಿಷ್ಯರು ದೂರು ಕೊಟ್ರಂತೆ. ಆ ಗಜಲ್ ಪೇಟೆ ತುಂಬಾ ಹರಡಿಹೋಗಿತ್ತು. ಬಟ್ಟಲಿಗೆ ಸುರಿದ ಮೊದಲ ಶರಾಬನ್ನ ಸಾಕಿಯ (ಶರಾಬು ಬಡಿಸೋನ) ಮತ್ತೇರಿದ ಕಣ್ಣಿಂದ ಸಾಲ ತಂದ್ರು ಅಂತ ಶುರು, ತಮ್ಮ ಗುಟ್ಟನ್ನ ತಾವೇ ಬಯಲು ಮಾಡಿ ಇರಾಕಿಯ ಹೆಸರು ಯಾಕೆ ಕೆಡಿಸಿದ್ರು ಅಂತ ಕೊನೆ. ಗುರು ಆ ಕೊನೇ ಸಾಲು ಕೇಳಿ ಇವನ ಕೆಲಸ ಮುಗೀತು ಅಂದು ಹೊರಗೆ ಕರೆದು ತನ್ನ ಖಿರ್ಕಾನೇ (ಸೂಫಿಗಳ ನಿಲುವಂಗಿ) ಹೊದಿಸಿದ್ರು ಅನ್ನೋದು ಅವನ ಚರಿತ್ರೆಯಲ್ಲಿದೆ. ಇವನದ್ರಲ್ಲಿ ಕಾನೂನು, ಪೊಲೀಸು, ತಮಾಷೆ ಕಮ್ಮಿ, ಬಾಗಿಲು ಎಲ್ಲಾ ತೆಗೆದೇ ಇದೆ. ಹಾಫಿಜ್ ಜಾಸ್ತಿ ತಲೆ ತಿಂದಾಗ ಮಧ್ಯೆ ಒಂದೆರಡು ವಾರ ಇವನ ಹತ್ರ ಇದ್ದು ಬರೋದು ನನಗೆ ಸರಿಹೋಗ್ತಿದೆ.