ಮೊದಲು ಬಯಾಪ್ಸಿ, ಆಮೇಲೆ ನೋಟ್: ಸಿ53 ಚಾರ್ಟ್‌ಗಳಲ್ಲಿ ನನ್ನ ಅನುಭವ

ನಾನು ಮೆಡಿಕಲ್ ಕೋಡರ್: ರೋಗಿಯ ದಾಖಲೆ (ಚಾರ್ಟ್) ಓದಿ, ಕ್ಲೇಮಿಗೆ ರೋಗದ ಕೋಡ್ ಹಾಕುವುದು ಕೆಲಸ. ಗರ್ಭಕಂಠದ ಕ್ಯಾನ್ಸರ್ (ಕೋಡ್ ಸಿ53) ಚಾರ್ಟ್‌ಗಳಲ್ಲಿ ನನ್ನ ಆಡಿಟ್ ಸ್ಕೋರ್ ಈಗ 97ರ ಕೆಳಗೆ ಇಳಿಯುವುದೇ ಅಪರೂಪ. ಮೊದಲು 88ರ ಆಸುಪಾಸಿನಲ್ಲೇ ಒದ್ದಾಡುತ್ತಿತ್ತು. ನಾನು ಓದುವ ರೀತಿ ಬದಲಿಸಿದಾಗ ಟೀಮಿನಲ್ಲಿ ಒಬ್ಬರೂ ನಂಬಲಿಲ್ಲ. ‘ಹೀಗೆ ಓದ್ತಾ ಕೂತರೆ ಟಾರ್ಗೆಟ್ ಮುಟ್ಟಿದ ಹಾಗೇ’ ಅಂದರು. ಈಗ ಮುಟ್ಟುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಅಮೆರಿಕದ ಔಟ್‌ಪೇಷೆಂಟ್ (ಆಸ್ಪತ್ರೆಗೆ ದಾಖಲಾಗದೆ ಬಂದು ಹೋಗುವವರ) ಚಾರ್ಟ್‌ಗಳು, ಅಲ್ಲಿನ ರೋಗದ ಕೋಡ್ ಪಟ್ಟಿ ಐಸಿಡಿ-10-ಸಿಎಂ.

ಮೊದಲು ಎಲ್ಲರ ಹಾಗೆ ಚೀಟ್ ಶೀಟ್ ಇಟ್ಟುಕೊಂಡಿದ್ದೆವು. ಈ ಪದ ಕಂಡರೆ ಈ ಕೋಡ್, ಅಷ್ಟೇ. ಅದು ಕೈಕೊಟ್ಟದ್ದು ಎಚ್‌ಎಸ್‌ಐಎಲ್‌ನಲ್ಲಿ, ಅಂದರೆ ಗರ್ಭಕಂಠದ ಜೀವಕೋಶಗಳಲ್ಲಿ ಕ್ಯಾನ್ಸರಿಗೆ ಮುಂಚಿನ ಹೆಚ್ಚಿನ ದರ್ಜೆಯ ಬದಲಾವಣೆ. ಪ್ಯಾಪ್ ಸ್ಮಿಯರ್‌ನಲ್ಲಿ (ಕಂಠದಿಂದ ಜೀವಕೋಶ ಒರೆಸಿ ತೆಗೆದು ಸ್ಲೈಡಿನಲ್ಲಿ ನೋಡುವ ಪರೀಕ್ಷೆ) ಬಂದ ಎಚ್‌ಎಸ್‌ಐಎಲ್ ಆದರೆ ಆರ್87.613. ಅದೇ ಹೆಂಗಸಿಗೆ ಬಯಾಪ್ಸಿ (ತುಂಡು ತೆಗೆದು ನೋಡುವ ಪರೀಕ್ಷೆ) ಆಗಿ ಸಿಐಎನ್ 2 (ಈ ಬದಲಾವಣೆಯ ಮಧ್ಯಮ ದರ್ಜೆ) ಅಂತ ಬಂದರೆ ಎನ್87.1, ಸಿಐಎನ್ 3 (ತೀವ್ರ ದರ್ಜೆ) ಬಂದರೆ ಡಿ06. ಪದ ನೋಡಿದರೆ ಸಾಲದು, ಅದು ಸ್ಲೈಡಿನಿಂದ ಬಂತೋ ತುಂಡಿನಿಂದ ಬಂತೋ ನೋಡಬೇಕು. ಯಾವ ಕೋಡುಗಳನ್ನು ಒಟ್ಟಿಗೆ ಹಾಕಬಾರದು ಅಂತ ತಿಳಿಸುವ ಎಕ್ಸ್‌ಕ್ಲೂಡ್ಸ್ 1 ಟಿಪ್ಪಣಿಯೇ ಇದನ್ನು ಹೇಳುತ್ತದೆ. ಆದರೆ ಗಡಿಬಿಡಿಯಲ್ಲಿ ಯಾರು ಓದುತ್ತಾರೆ? ಆಮೇಲೆ ಕೋಡ್ ಹುಡುಕಿಕೊಡುವ ಸಾಫ್ಟ್‌ವೇರ್ ಎನ್‌ಕೋಡರ್ ನಂಬಿದೆವು. ಅದು ಹುಡುಕಿದಾಗಲೆಲ್ಲ ಸಿ53.9 (ಕಂಠದ ಯಾವ ಭಾಗ ಅಂತ ಹೇಳದ ಕೋಡ್) ಅನ್ನೇ ಮೇಲೆ ತಂದಿಡುತ್ತಿತ್ತು. ರಿಪೋರ್ಟಿನಲ್ಲಿ ಎಂಡೋಸರ್ವಿಕ್ಸ್ (ಕಂಠದ ಒಳಭಾಗ) ಅಂತ ಸ್ಪಷ್ಟವಾಗಿದ್ದರೂ ಅದರ ಕೋಡ್ ಸಿ53.0 ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಬ್ಬರ ಚಾರ್ಟನ್ನು ಇನ್ನೊಬ್ಬರು ನೋಡುವುದನ್ನೂ ಮಾಡಿದೆವು. ತಪ್ಪು ಕಡಿಮೆಯಾಯಿತು ನಿಜ, ಆದರೆ ಒಂದು ಚಾರ್ಟಿಗೆ ಇಬ್ಬರ ಸಂಬಳ. ಅದು ಬಹಳ ದಿನ ನಡೆಯಲಿಲ್ಲ.

ನಾನು ಮಾಡಿದ್ದು ಇಷ್ಟು. ಡಾಕ್ಟರು ಬರೆದ ಇವತ್ತಿನ ನೋಟನ್ನು ಮೊದಲು ತೆರೆಯುವುದೇ ಇಲ್ಲ. ಪೆಥಾಲಜಿ ಟ್ಯಾಬಿಗೆ ಹೋಗಿ ಮೊದಲ ಬಯಾಪ್ಸಿ ಹುಡುಕುತ್ತೇನೆ. ಅಲ್ಲಿಂದ ತಾರೀಖಿನ ಪ್ರಕಾರ ಮುಂದಕ್ಕೆ ಬರುತ್ತಾ ಒಂದೇ ಸಾಲು ಬರೆದುಕೊಳ್ಳುತ್ತೇನೆ: ಸ್ಮಿಯರ್ ಏನು, ಬಯಾಪ್ಸಿ ಏನು, ಚಿಕಿತ್ಸೆ ನಡೀತಿದೆಯಾ ಮುಗೀತಾ, ಗರ್ಭಕೋಶ ಇದೆಯಾ ತೆಗೆದಿದ್ದಾರಾ. ಈ ಸಾಲು ತುಂಬುವ ತನಕ ಯಾವ ಕೋಡನ್ನೂ ಮುಟ್ಟುವುದಿಲ್ಲ.

ಕಾರಣ, ಹಳೇ ನೋಟನ್ನೇ ಹೊಸದಕ್ಕೆ ಕಾಪಿ ಪೇಸ್ಟ್ ಮಾಡುವುದು. ಒಂದು ಚಾರ್ಟಿನಲ್ಲಿ ಪ್ರತಿ ವಿಸಿಟಿಗೂ ಅದೇ ಸಾಲು: ‘ಸಿಎ ಸರ್ವಿಕ್ಸ್, ಸ್ಟೇಟಸ್ ಪೋಸ್ಟ್ ಹಿಸ್ಟರೆಕ್ಟಮಿ, ಎನ್‌ಇಡಿ’ (ಗರ್ಭಕಂಠದ ಕ್ಯಾನ್ಸರ್, ಗರ್ಭಕೋಶ ತೆಗೆದಾಗಿದೆ, ಈಗ ರೋಗದ ಗುರುತಿಲ್ಲ). ಮೊದಲೆರಡು ಪದ ಓದಿದವರು ಸಿ53.9 ಹಾಕಿ ಮುಂದಕ್ಕೆ ಹೋಗುತ್ತಾರೆ. ನನ್ನ ಸಾಲಿನಲ್ಲಿ ಚಿಕಿತ್ಸೆ ಮುಗಿದು ವರ್ಷಗಳಾಗಿದ್ದವು, ಗರ್ಭಕೋಶ ಕಂಠ ಎರಡೂ ಇರಲಿಲ್ಲ. ಬಂದದ್ದು ಬರೀ ಫಾಲೋಅಪ್‌ಗೆ. ಝಡ್08 (ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲಿನ ಫಾಲೋಅಪ್) ಮೊದಲು, ಜೊತೆಗೆ ಝಡ್85.41 (ಹಿಂದೆ ಈ ಕ್ಯಾನ್ಸರ್ ಇತ್ತು ಎನ್ನುವ ಹಿಸ್ಟರಿ ಕೋಡ್), ಝಡ್90.710 (ಗರ್ಭಕೋಶ ಕಂಠ ಎರಡೂ ಇಲ್ಲ). ಹಾಗಂತ ಆಪರೇಷನ್ ಆದ ಕೂಡಲೇ ಹಿಸ್ಟರಿಗೆ ತಳ್ಳುವಂತಿಲ್ಲ. ಅದೇ ಜಾಗಕ್ಕೆ ರೇಡಿಯೇಷನ್ ಇನ್ನೂ ನಡೆಯುತ್ತಿದ್ದರೆ ಸಿ53 ಉಳಿಯಲೇಬೇಕು. ಇಲ್ಲಿ ಎರಡೂ ಕಡೆ ಎಡವುವವರು ಜಾಸ್ತಿ.

ದುಡ್ಡು ಹೋಗುತ್ತಿದ್ದದ್ದು ರೇಡಿಯೇಷನ್‌ನಲ್ಲಿ. ಹೊರಗಿನಿಂದ ಕೊಡುವ ರೇಡಿಯೇಷನ್‌ಗಷ್ಟೇ ಬಂದಿದ್ದರೆ ಝಡ್51.0 (ರೇಡಿಯೇಷನ್‌ಗಾಗಿ ಬಂದ ವಿಸಿಟ್) ಮೊದಲು, ಸಿ53 ಆಮೇಲೆ. ಅದೇ ದಿನ ಕೀಮೋ ಔಷಧ ಸಿಸ್‌ಪ್ಲಾಟಿನ್ ಕೂಡ ಕೊಟ್ಟರೆ ಝಡ್51.11 (ಕೀಮೋಗಾಗಿ ಬಂದ ವಿಸಿಟ್) ಸೇರುತ್ತದೆ, ಇವೆರಡರಲ್ಲಿ ಯಾವುದು ಮುಂದೆ ಬಂದರೂ ನಡೆಯುತ್ತದೆ. ಆದರೆ ಬ್ರೇಕಿಥೆರಪಿಗೆ (ವಿಕಿರಣದ ಮೂಲವನ್ನೇ ದೇಹದೊಳಗೆ ಇಡುವ ಚಿಕಿತ್ಸೆ) ಝಡ್51.0 ಹಾಕುವ ಹಾಗಿಲ್ಲ. ಅಲ್ಲಿ ಸಿ53 ಮೊದಲು. ಸರ್ವಿಕ್ಸ್‌ನಲ್ಲಿ ಬ್ರೇಕಿಥೆರಪಿ ಮಾಮೂಲು, ಹಾಗಾಗಿ ಇದು ಪದೇ ಪದೇ ಬರುತ್ತದೆ. ಹಿಂದಿನ ವಾರದ ಕೋಡನ್ನೇ ಎಳೆದು ಹಾಕಿದ ಕ್ಲೇಮುಗಳು ವಾಪಸ್ ಬರುತ್ತಿದ್ದವು. ಒಂದೊಂದೂ ಸಾವಿರಾರು ಡಾಲರಿನದು. ತಿಂಗಳಿಗೆ ಏನಿಲ್ಲವೆಂದರೂ ನಲವತ್ತು ಐವತ್ತು ಸಾವಿರ ಡಾಲರ್ ಸಿಕ್ಕಿಹಾಕಿಕೊಂಡಿರುತ್ತಿತ್ತು. ಈಗ ಅದರಲ್ಲಿ ಹತ್ತನೇ ಒಂದು ಭಾಗವೂ ಇಲ್ಲ.

ಶುರುವಿನಲ್ಲಿ ವೇಗ ಬಿದ್ದದ್ದು ನಿಜ. ಗಂಟೆಗೆ ಹತ್ತು ಹನ್ನೆರಡು ಚಾರ್ಟ್ ಇದ್ದದ್ದು ಏಳಕ್ಕೆ ಇಳಿಯಿತು, ಎರಡು ತಿಂಗಳ ಇನ್ಸೆಂಟಿವ್ ಹೋಯಿತು. ಆಮೇಲೆ ಅದೇ ಪೇಷೆಂಟ್‌ಗಳು ಮತ್ತೆ ಬರತೊಡಗಿದರು. ಸಾಲು ಮೊದಲೇ ಇತ್ತು. ಈಗ ಹದಿಮೂರು ಹದಿನಾಲ್ಕು ಆಗುತ್ತದೆ. ಹಳೇ ಸಾಲು ತಕ್ಷಣ ಸಿಗುವ ಹಾಗೆ ಎಕ್ಸೆಲ್‌ನಲ್ಲಿ ಒಂದು ಕಾಲಂ ಮಾಡಿಕೊಂಡಿದ್ದೇನೆ. ಆ ಫಾರ್ಮುಲಾ ಮಾತ್ರ ನನ್ನ ಹತ್ತಿರವೇ ಇರಲಿ.

ಸಿ53 ಮತ್ತು ಝಡ್85.41 ಒಟ್ಟಿಗೆ ಬಂದರೆ ಕೆಂಪಾಗುವ ಮ್ಯಾಕ್ರೋ ಕೂಡ ಬರೆದೆ. ಚೆನ್ನಾಗಿ ಕೆಲಸ ಮಾಡುತ್ತದೆ. ರಕ್ತಹೀನತೆಗೂ ಒಂದು ಮಾಡಲು ಹೋಗಿ ಕೈಬಿಟ್ಟೆ. ಕ್ಯಾನ್ಸರಿನಿಂದ ಬಂದದ್ದಾದರೆ ಕ್ಯಾನ್ಸರ್ ಮೊದಲು, ಡಿ63.0 ಆಮೇಲೆ. ಕೀಮೋದಿಂದ ಬಂದು ಅದಕ್ಕೇ ಚಿಕಿತ್ಸೆಯಾದರೆ ಡಿ64.81 ಮೊದಲು. ಯಾವುದರಿಂದ ಬಂತು ಅಂತ ಡಾಕ್ಟರು ಬರೆಯದಿದ್ದರೆ ಮ್ಯಾಕ್ರೋ ಏನು ಮಾಡೀತು? ಬಿಡುವಿದ್ದಾಗ ಹಳೇ ಚಾರ್ಟ್‌ಗಳನ್ನು ಸುಮ್ನೆ ಹೊಸ ಅಂತರರಾಷ್ಟ್ರೀಯ ಪಟ್ಟಿ ಐಸಿಡಿ-11ರಲ್ಲಿ ಹಾಕಿ ನೋಡುತ್ತೇನೆ. ಅಲ್ಲಿ ಇದೇ ಕ್ಯಾನ್ಸರಿನ ಕೋಡ್ 2ಸಿ77ರ ಕೆಳಗೆ ಸ್ಕ್ವಾಮಸ್, ಅಡಿನೋ ಅಂತ ಜೀವಕೋಶದ ಪ್ರಕಾರ ಒಡೆದಿದ್ದಾರೆ. ಬಯಾಪ್ಸಿಯಿಂದ ಶುರು ಮಾಡುವ ನನ್ನಂಥವರಿಗೆ ಅದು ಇನ್ನೂ ಸಲೀಸು.

ಇನ್‌ಪೇಷೆಂಟ್‌ಗೆ (ದಾಖಲಾದ ರೋಗಿಗಳ ಚಾರ್ಟಿಗೆ) ಇದನ್ನು ಹಾಗೇ ಎತ್ತಿಕೊಂಡು ಹೋಗಬೇಡಿ. ಔಟ್‌ಪೇಷೆಂಟ್‌ನಲ್ಲಿ ಪೆಥಾಲಜಿಸ್ಟ್ ಕೊಟ್ಟ ಅಂತಿಮ ರಿಪೋರ್ಟ್ ಕೈಯಲ್ಲಿದ್ದರೆ ಅದರಿಂದ ಕೋಡ್ ಮಾಡಬಹುದು. ಇನ್‌ಪೇಷೆಂಟ್‌ನಲ್ಲಿ ನೋಡಿಕೊಳ್ಳುವ ಡಾಕ್ಟರೇ ಬರೆಯಬೇಕು, ಇಲ್ಲದಿದ್ದರೆ ಅವರನ್ನು ಕೇಳುವ ಕ್ವೆರಿ ಹಾಕಬೇಕು. ಅಲ್ಲೂ ಸಾಲು ಬರೆದುಕೊಳ್ಳುತ್ತೇನೆ, ಆದರೆ ಕ್ವೆರಿಯಲ್ಲಿ ಏನು ಕೇಳಬೇಕು ಅಂತ ಗೊತ್ತಾಗಲಿಕ್ಕೆ ಮಾತ್ರ.