ಮಷಿನ್ ಬೇಡ, ಕಪಾಟು ಕೊಡಿಸಿ

ದೇಣಿಗೆ ಕೊಡಲು ಬಂದವರು ಕೇಳುವುದು ಒಂದೇ ಮಾತು: "ಯಾವ ಮಷಿನ್ ಕೊಡಿಸೋಣ?" ಕಾರವಾರದಲ್ಲಿ ಮನೆಯಿಲ್ಲದವರಿಗಾಗಿ ನಡೆಸುವ ನಮ್ಮ ಟ್ರಸ್ಟಿನ ದವಾಖಾನೆಗೆ ನಾನು ಬೇಡಿದ್ದು ಕಬ್ಬಿಣದ ಕಪಾಟು. ಒಳಗೆ ಸಣ್ಣ ಸಣ್ಣ ಖಾನೆ, ಒಂದೊಂದಕ್ಕೂ ಬೀಗ. ಇಷ್ಟು ಕೇಳಿದ್ದೇ ಹಲವರ ಮುಖ ಸಪ್ಪಗಾಗುತ್ತದೆ. ಕಪಾಟಿನ ಮುಂದೆ ನಿಂತರೆ ಫೋಟೊ ಚೆಂದ ಬರುವುದಿಲ್ಲವಲ್ಲ!

ಬೀದಿಯಲ್ಲಿ ಮಲಗುವವರಿಗೆ ಬರುವುದೂ ಎಲ್ಲರಿಗೆ ಬರುವ ರೋಗವೇ. ಬಿಪಿ, ಸಕ್ಕರೆ, ಟಿಬಿ, ತುರಿಕಜ್ಜಿ, ಮಾಯದ ಹುಣ್ಣು. ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುತ್ತದೆ. ಸಿಕ್ಕಿದ್ದನ್ನು ಇಡುವುದೆಲ್ಲಿ? ಬಸ್ ಸ್ಟ್ಯಾಂಡಿನ ಬೆಂಚಿನ ಕೆಳಗಿಟ್ಟ ಚೀಲ ಬೆಳಿಗ್ಗೆ ಕಸದ ಗಾಡಿ ಸೇರುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ದೋಣಿಯಲ್ಲಿ ದುಡಿಯುವ ಖಲಾಸಿಗಳಲ್ಲಿ ಊರಿದ್ದವರು ಊರಿಗೆ ಹೋಗುತ್ತಾರೆ, ಇಲ್ಲದವರು ಬೈತಖೋಲ ಬಂದರಿನಲ್ಲೇ ತಾಡಪತ್ರಿ ಕೆಳಗೆ ಉಳಿಯುತ್ತಾರೆ. ಅವರ ಕಿಸೆಯಲ್ಲಿ ಗುಳಿಗೆ ಹಿಟ್ಟಾಗಿರುತ್ತದೆ, ಚೀಟಿ ಮುದ್ದೆಯಾಗಿರುತ್ತದೆ.

ಈಗ ನಮ್ಮ ಕಪಾಟಿನಲ್ಲಿ ಖಾನೆಗೊಂದು ನಂಬರು. ಔಷಧಿ, ಆಸ್ಪತ್ರೆಯ ಕಾಗದ, ಆಧಾರ್ ಕಾರ್ಡು, ಬೇಕಾದರೆ ಒಂದು ಜೊತೆ ಒಣ ಬಟ್ಟೆ. ದುಡ್ಡು ಇಡುವಂತಿಲ್ಲ, ಬಾಟಲಿಯಂತೂ ಇಲ್ಲವೇ ಇಲ್ಲ. ಯಾರೇ ಬಂದು ಕೇಳಿದರೂ ಖಾನೆಯವರು ಎದುರಿಗೆ ಇಲ್ಲದೆ ಬೀಗ ತೆಗೆಯುವುದಿಲ್ಲ. ಈ ಕೊನೆಯ ನಿಯಮಕ್ಕಾಗಿ ನಮ್ಮ ಟ್ರಸ್ಟಿಗಳ ಹತ್ತಿರವೇ ಜಗಳ ಆಡಿದ್ದೇನೆ. ಬಾಗಿಲು ತೆಗೆಯುವುದು ಬೆಳಕು ಹರಿಯುವಾಗ, ಬಂದರಿನ ಕೂಲಿಗೆ ಹೋಗುವ ಮೊದಲು. ಗುಳಿಗೆ ನುಂಗಿ, ಚಾ ಕುಡಿದು ಹೊರಡುತ್ತಾರೆ.

ದಿನಾ ಬರುವುದರಿಂದ ಮಾತು ಹೊರಬೀಳುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಮಲಗುವ ಒಬ್ಬ ಅಜ್ಜಿಯ ಬಿಪಿ ಇಳಿಯುತ್ತಲೇ ಇರಲಿಲ್ಲ. ಖಾನೆಯಲ್ಲಿ ಒಂದು ಬಗೆಯ ಗುಳಿಗೆ ಮಾತ್ರ ಹಾಗೇ ಉಳಿದಿತ್ತು. ಕೇಳಿದರೆ, "ಅದು ತಕಂಡ್ರೆ ಮತ್ತೆ ಮತ್ತೆ ಒಂದಕ್ಕೆ ಹೋಗ್ಬೇಕು ಅಕ್ಕಾ. ಹಗಲಿಗೆ ಸಂಡಾಸಕ್ಕೆ ದುಡ್ಡು, ರಾತ್ರಿಗೆ ಹೆದರಿಕೆ. ಎಂತ ಮಾಡೂದು?" ಅದು ಮೂತ್ರ ಹೆಚ್ಚಿಸಿ ಬಿಪಿ ಇಳಿಸುವ ಗುಳಿಗೆ. ಡಾಕ್ಟರು ಅದನ್ನು ತೆಗೆದು ಅಮ್ಲೋಡಿಪಿನ್ ಎಂಬ ಬೇರೆ ಬಿಪಿ ಗುಳಿಗೆ ಬರೆದರು. ಅದರಿಂದ ಕೆಲವರಿಗೆ ಕಾಲು ಬಾಯುತ್ತದೆ, ಹಾಗಾಗಿ ಬಂದಾಗೆಲ್ಲ ಅಜ್ಜಿಯ ಪಾದ ಒತ್ತಿ ನೋಡುತ್ತೇವೆ.

ಟಿಬಿಯವರಿಗೂ ಹೀಗೆಯೇ ಮೊದಲೇ ಹೇಳಿಡಬೇಕು. ರಿಫಾಂಪಿಸಿನ್ ತೆಗೆದುಕೊಂಡರೆ ಮೂತ್ರ ಕೆಂಪು-ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂದುಕೊಂಡು ಗುಳಿಗೆ ಬಿಡುತ್ತಾರೆ. ಸಾಮಾನ್ಯ ಟಿಬಿಗೆ ಚಿಕಿತ್ಸೆ 6 ತಿಂಗಳು, ಮೊದಲ 2 ತಿಂಗಳು ನಾಲ್ಕು ಔಷಧಿ. ಪೌಷ್ಟಿಕ ಆಹಾರಕ್ಕೆ ಸರ್ಕಾರ 2018ರಿಂದ ಕೊಡುತ್ತಿದ್ದ ತಿಂಗಳ 500 ರೂಪಾಯಿ 2024ರ ನವೆಂಬರಿನಿಂದ 1,000 ಆಗಿದೆ. ಆದರೆ ಹಣ ಬರುವುದು ಬ್ಯಾಂಕ್ ಖಾತೆಗೆ. ನಮ್ಮ ಕಾರ್ಯಕರ್ತರ ಅರ್ಧ ದಿನ ಬ್ಯಾಂಕಿನ ಸಾಲಿನಲ್ಲೇ ಕಳೆಯುತ್ತದೆ. ಅದನ್ನೂ ನಾನು ಡ್ಯೂಟಿ ಎಂದೇ ಬರೆದುಕೊಳ್ಳುತ್ತೇನೆ.

ಮಾನಸಿಕ ಕಾಯಿಲೆಯಿಂದ ಅಲೆಯುವವರ ವಿಷಯ ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಪ್ರಕಾರ ಅಂಥವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಕಲಂ ನಂಬರು ಹೇಳಿ ಫೋನ್ ಮಾಡಿದರೆ ಕೆಲಸ ಬೇಗ ಆಗುತ್ತದೆ. ಜೀಪು ಬಂದಾಗ ನಮ್ಮವರೊಬ್ಬರು ಜೊತೆಗೆ ಹೋಗುತ್ತಾರೆ, ಆ ಮನುಷ್ಯನ ಗಂಟುಮೂಟೆಯನ್ನೂ ಹತ್ತಿಸುತ್ತಾರೆ. ಗಂಟು ರಸ್ತೆಯಲ್ಲೇ ಉಳಿದರೆ ಅವನು ಆಸ್ಪತ್ರೆಯಿಂದ ಎದ್ದು ಅದನ್ನು ಹುಡುಕಿಕೊಂಡು ಬಂದುಬಿಡುತ್ತಾನೆ.